ಹೆಣ್ಣಮಕ್ಕಳ ತಿರುಗಿ ತಿರುಗಿ ಬರೋ ಜ್ವರಾ, ಕೆಳಹೊಟ್ಟ್ಯಾಗಿನ ಗಡ್ಡಿ: ಈ ಲೆಕ್ಕ ಯಾರು ಕೂಡಸ್ತಾರ?

ನಮ್ಮ ಕಡೆ ಜ್ವರಾ ಬಂದ್ರ ಹೋಗೋ ದಾರಿ ಒಂದ, ಹುಬ್ಬಳ್ಳಿ ಇರಲಿ, ಗದಗ ಇರಲಿ, ಹಾವೇರಿ ಕಡೆ ಹಳ್ಳಿ ಇರಲಿ. ಮೊದಲ ಮೆಡಿಕಲ್ ಶಾಪ್‌ನಾಗಿನ ಗುಳಿಗಿ, ಎರಡು ದಿನಕ್ಕ ಇಳೀಲಿಲ್ಲ ಅಂದ್ರ ಊರಾಗಿನ ಡಾಕ್ಟರ್ ಕಡೆ ಸೂಜಿ, ಆಮ್ಯಾಲ ರಕ್ತ ತಪಾಸಣಿ, ಚೀಟಿ ಮ್ಯಾಲ ಟೈಫಾಯ್ಡ್ ಅಂತ ಬರ್ತೈತಿ, ಎರಡು ಬಾಟ್ಲಿ ಸಲಾಯಿನ್ ಹಚ್ತಾರ, ಜ್ವರಾ ಇಳೀತೈತಿ, ಹೆಣ್ಣಮಗಳು ಎದ್ದು ಮತ್ತ ರೊಟ್ಟಿ ಬಡ್ಯಾಕ ಕುಂದರ್ತಾಳ, ಕಸಾ ತಗ್ಯಾಕ ಹೊಲಕ್ಕ ಹೋಗ್ತಾಳ. ಹದಿನೈದು ದಿನಕ್ಕ ಮತ್ತ ಜ್ವರಾ. ಈ ಸಲಾ ಬ್ಯಾರೆ ಡಾಕ್ಟರ್, ಬ್ಯಾರೆ ಲ್ಯಾಬ್, ಹೊಸಾ ಚೀಟಿ. ಹಿಂದಿನ ಚೀಟಿ ಎಲ್ಲಿ ಇಟ್ಟಾರೋ ಯಾರಿಗೂ ನೆನಪಿಲ್ಲ. ಹಿಂಗ ನಾಕೈದು ತಿಂಗಳು ಕಳದು ಹೋಗ್ತಾವ, ಪ್ರತಿ ಸಲದ ಜ್ವರಾ ಹೊಸಾ ಜ್ವರಾ ಅಂತ ಬರಕೊಳ್ಳೋದ ನಡದಿರ್ತೈತಿ, ಇದು ತಿಂಗಳುಗಟ್ಟಲೆ ಒಳಗ ಇರೋ ಒಂದ ಜ್ವರಾ ಇರಬೌದು ಅಂತ ಕೂಡಿಸಿ ನೋಡೋರು ಯಾರೂ ಇರೂದಿಲ್ಲ.

ಹಿಂಗ ಕೂಡಿಸಿ ನೋಡದ ಬಿಟ್ಟ ಜ್ವರದಾಗ ಒಂದಷ್ಟಕ್ಕ ಮೂಲ ಗರ್ಭಚೀಲದಾಗ ಇಲ್ಲಾ ಅಂಡಾಶಯದಾಗ ಬೆಳೀತಿರೋ ಗಡ್ಡಿ ಆಗಿರ್ತೈತಿ. ಜ್ವರಾ ಬಂದವರಿಗೆಲ್ಲಾ ಗಡ್ಡಿ ಇರ್ತೈತಿ ಅಂತ ಹೆದರಸಾಕ ನಾ ಇದನ್ನ ಬರ್ಯಾಕ ಹತ್ತಿಲ್ಲ, ಜ್ವರಾ ಬಂದವರಾಗ ಬಹುತೇಕ ಮಂದಿದು ವೈರಲ್ಲೋ ಮೂತ್ರದ ಸೋಂಕೋ ಮತ್ತೊಂದೋ ಇದ್ದು ತಾನ ಇಲ್ಲಾ ಔಷಧದಿಂದ ವಾಸಿ ಆಗ್ತೈತಿ. ಆದ್ರ ಉಳದ ಆ ಸ್ವಲ್ಪ ಮಂದಿಗೆ ಗೊತ್ತಾಗೋದು ಭಾಳ ತಡಾ ಆಗಿ, ಆ ತಡಾ ಯಾಕ ಆಗ್ತೈತಿ ಅನ್ನೋದನ್ನ ಬಿಡಿಸಿ ನೋಡಿದ್ರ ಅದರಾಗ ಅರ್ಧ ನಮ್ಮ ಮನಿ ಒಳಗ ಅದಾವ, ಅರ್ಧ ನಮ್ಮ ದವಾಖಾನಿ ಒಳಗ.

ಡಾಕ್ಟರ್ ಮಂದಿ ಇಂಥಾ ಜ್ವರಕ್ಕ ಒಂದು ಲೆಕ್ಕ ಇಟ್ಟಾರ. 1961ರಾಗ ಅಮೆರಿಕಾದ ಪೀಟರ್ಸ್‌ಡಾರ್ಫ್ ಮತ್ತ ಬೀಸನ್ ಅನ್ನೋ ಇಬ್ಬರು ವೈದ್ಯರು ಕಾರಣ ಗೊತ್ತಾಗದ 100 ಮಂದಿ ಜ್ವರದ ಕೇಸ್ ಕೂಡಿಸಿ ಬರದಿದ್ರು, ಮೂರು ವಾರಕ್ಕಿಂತ ಹೆಚ್ಚು ದಿನ, ಮ್ಯಾಲಿಂದ ಮ್ಯಾಲ 101 ಡಿಗ್ರಿ ಫ್ಯಾರನ್‌ಹೀಟ್ ದಾಟೋ ಜ್ವರಾ, ಒಂದು ವಾರ ಅಡ್ಮಿಟ್ ಮಾಡಿ ತಪಾಸಣಿ ಮಾಡಿದ್ರೂ ಕಾರಣ ಸಿಗಲಿಲ್ಲ ಅಂದ್ರ ಅದು ಕಾರಣ ಗೊತ್ತಿಲ್ಲದ ಜ್ವರಾ ಅಂತ. ಆ ನೂರರಾಗ 36 ಮಂದಿಗೆ ಸೋಂಕು ಇತ್ತು, 19 ಮಂದಿಗೆ ಗಡ್ಡಿ ಅಥವಾ ಕ್ಯಾನ್ಸರ್ ಇತ್ತು. 1991ರಾಗ ಈ ವ್ಯಾಖ್ಯಾನ ಸ್ವಲ್ಪ ಬದಲಾತು, ವಾರಗಟ್ಟಲೆ ಅಡ್ಮಿಟ್ ಬ್ಯಾಡ, ಮೂರು ಸಲ ಓಪಿಡಿಗೆ ಬಂದ್ರೂ ಇಲ್ಲಾ ಮೂರು ದಿನ ಅಡ್ಮಿಟ್ ಆಗಿ ಹುಡುಕಿದ್ರೂ ಸಾಕು ಅಂತ. ನಮ್ಮ ದೇಶದಾಗ ಇವತ್ತಿಗೂ ಮೊದಲ ಸ್ಥಾನ ಸೋಂಕಿಂದ, ಅದರಾಗೂ ಟಿಬಿದ್ದು. ಕ್ಯಾನ್ಸರ್ ಅಂತ ಬಂದ್ರೂ ಡಾಕ್ಟರ್ ತಲ್ಯಾಗ ಮೊದಲ ಬರೋದು ರಕ್ತದ ಕ್ಯಾನ್ಸರ್, ಲಿಂಫೋಮಾ, ಮೂತ್ರಪಿಂಡ, ಲಿವರ್. ಗರ್ಭಚೀಲ, ಅಂಡಾಶಯ ಆ ಪಟ್ಟಿಯಾಗ ಭಾಳ ಕೆಳಗ ಬರ್ತಾವ, ಹಿಂಗಾಗಿ ಅವನ್ನ ಹುಡುಕೋದೂ ಕಡೀಕ.

ಗಡ್ಡಿಯಿಂದ ಜ್ವರಾ ಹೆಂಗ ಬರ್ತೈತಿ ಅಂತ ತಿಳಕೊಂಡ್ರ ಮುಂದಿಂದೆಲ್ಲಾ ಅರ್ಥ ಆಗ್ತೈತಿ. ನಮ್ಮ ಮೆದುಳಿನ್ಯಾಗ ಹೈಪೋಥಲಮಸ್ ಅಂತ ಒಂದು ಸಣ್ಣ ಭಾಗ ಐತಿ, ಮೈ ಎಷ್ಟು ಬೆಚ್ಚಗಿರಬೇಕು ಅಂತ ಅದು ಠರಾಸ್ತೈತಿ, ಗೀಸರ್‌ನಾಗ ನಾವು ನೀರಿನ ಬಿಸಿ ಸೆಟ್ ಮಾಡ್ತೀವಲ್ಲ ಹಂಗ. ಕೆಲವು ಗಡ್ಡಿಗಳು, ಮತ್ತ ಅದರ ಸುತ್ತ ಸೇರೋ ನಮ್ಮವ ರಕ್ಷಣಾ ಕಣಗಳು, ಇಂಟರ್‌ಲ್ಯೂಕಿನ್-6, ಇಂಟರ್‌ಲ್ಯೂಕಿನ್-1, ಟಿಎನ್‌ಎಫ್ ಅನ್ನೋ ರಾಸಾಯನಿಕ ಬಿಡ್ತಾವ, ಅವು ರಕ್ತದಾಗ ಮ್ಯಾಲ ಹೋಗಿ ಹೈಪೋಥಲಮಸ್‌ನಾಗ ಪ್ರೊಸ್ಟಾಗ್ಲಾಂಡಿನ್ ಅನ್ನೋ ಇನ್ನೊಂದು ರಾಸಾಯನಿಕ ತಯಾರಾಗೋ ಹಂಗ ಮಾಡ್ತಾವ, ಸೆಟ್ಟಿಂಗ್ ಮ್ಯಾಲಕ್ಕ ಏರ್ತೈತಿ, ಮೈ ನಡುಗಿ ಜ್ವರಾ ಬರ್ತೈತಿ. ಇದರಾಗ ಬ್ಯಾಕ್ಟೀರಿಯಾ ಇಲ್ಲ, ವೈರಸ್ ಇಲ್ಲ. ಯಾವ ಆಂಟಿಬಯಾಟಿಕ್ ಕೊಟ್ರೂ ಅದಕ್ಕ ಕೆಲಸಾನ ಇರೂದಿಲ್ಲ. ಅಂಡಾಶಯದ ಕ್ಯಾನ್ಸರ್‌ನಾಗ ಕ್ಲಿಯರ್ ಸೆಲ್ ಅಂತ ಒಂದು ಜಾತಿ ಐತಿ, ಎಂಡೋಮೆಟ್ರಿಯೋಸಿಸ್ (ಗರ್ಭಚೀಲದ ಒಳಪದರಿನಂಥಾದ್ದು ಚೀಲದ ಹೊರಗ ಬೆಳಿಯೋ ರೋಗ) ಇದ್ದವರಿಗೆ ಬರೋ ಸಂಭವ ಹೆಚ್ಚು, ಅದು ಈ ಇಂಟರ್‌ಲ್ಯೂಕಿನ್-6 ಬಿಡೋದಕ್ಕ ಹೆಸರಾಗಿದ್ದು.

ಎರಡನೇ ದಾರಿ ಬ್ಯಾರೆ, ನಮ್ಮ ಕಡೆ ಇದ ಹೆಚ್ಚು ಮಹತ್ವದ್ದು ಅಂತ ನನಗ ಅನಸ್ತೈತಿ. ಗರ್ಭಚೀಲದ ಬಾಯಾಗ ಕ್ಯಾನ್ಸರ್ ಬೆಳದ್ರ ಕೆಲವೊಮ್ಮೆ ಆ ಬಾಯಿ ಮುಚ್ಚಿ ಹೋಗ್ತೈತಿ, ಒಳಗಿನ ರಕ್ತ, ನೀರು ಹೊರಗ ಬರಾಕ ದಾರಿ ಇಲ್ಲದ ಅಲ್ಲೇ ನಿಂತು ಕೀವು ಆಗ್ತೈತಿ, ಪಯೋಮೆಟ್ರಾ ಅಂತಾರ ಅದಕ್ಕ. ಮುಟ್ಟು ನಿಂತ ವಯಸ್ಸಾದ ಹೆಣ್ಣಮಕ್ಕಳಿಗೆ ಹೆಚ್ಚು. ಕೀವು ಸ್ವಲ್ಪ ಹೊರಗ ಹರದ್ರ ಜ್ವರಾ ಇಳೀತೈತಿ, ಮತ್ತ ಕಟ್ಟಿದ್ರ ಏರ್ತೈತಿ, ಅದಕ್ಕ ಬಿಟ್ಟು ಬಿಟ್ಟು ಬರ್ತೈತಿ. ಆಂಟಿಬಯಾಟಿಕ್ ಕೊಟ್ರ ಇಲ್ಲಿ ಸ್ವಲ್ಪ ಗುಣ ಕಾಣಸ್ತೈತಿ, ಆದ್ರ ಕೀವು ಹೊರಗ ತಗೀಲಾರದ, ಬಾಯಿ ಮುಚ್ಚಿದ್ದು ಯಾಕ ಅಂತ ನೋಡಲಾರದ ಪೂರ್ತಿ ವಾಸಿ ಆಗೂದಿಲ್ಲ. ಅದ ಗಡ್ಡಿ ಪಕ್ಕಕ್ಕ ಬೆಳದು ಮೂತ್ರನಾಳ ಒತ್ತಿದ್ರ ಕಿಡ್ನಿಯಾಗ ನೀರು ತುಂಬಿ ಮೂತ್ರದ ಸೋಂಕು ಮ್ಯಾಲಿಂದ ಮ್ಯಾಲ ಬರ್ತೈತಿ, ಅಷ್ಟೊತ್ತಿಗೆ ಕ್ಯಾನ್ಸರ್ ಮೂರನೇ ಹಂತಕ್ಕ ಹೋಗಿರ್ತೈತಿ. ಉರಿ ಮೂತ್ರ, ಜ್ವರಾ, ಕೋರ್ಸ್ ಮಾತ್ರೆ, ಮತ್ತ ಉರಿ ಮೂತ್ರ ಅಂತ ತಿರಗೋ ವಯಸ್ಸಾದ ಅವ್ವಗೋಳನ್ನ ನೋಡಿದ್ರ ಕಿಡ್ನಿ ಸ್ಕ್ಯಾನ್ ಒಂದಾದ್ರೂ ಆಗೇತೇನು ಅಂತ ಕೇಳಬೇಕು.

ಇನ್ನ ಕ್ಯಾನ್ಸರ್ ಅಲ್ಲದ ಗಡ್ಡಿ, ಫೈಬ್ರಾಯ್ಡ್. ಅದಕ್ಕ ರಕ್ತ ಸಾಲದ ಒಳಗ ಕೊಳ್ಯಾಕ ಹತ್ತಿದ್ರ ಹೊಟ್ಟಿ ನೋವು, ಸಣ್ಣ ಜ್ವರಾ ಬರ್ತೈತಿ, ಬಸರ ಇದ್ದಾಗ ಇದು ಹೆಚ್ಚು ಕಾಣಸ್ತೈತಿ, ಬಹಳಷ್ಟು ಸಲ ವಿಶ್ರಾಂತಿ ಮತ್ತ ನೋವಿನ ಔಷಧದಾಗ ಕಡಿಮಿ ಆಗ್ತೈತಿ. ಭಾಳ ಅಪರೂಪಕ್ಕ ಆ ಫೈಬ್ರಾಯ್ಡ್ ಒಳಗ ಕೀವಾಗಿ ಜೀವಕ್ಕ ಬರೋದೂ ಐತಿ, ಹೆರಿಗಿ ಆದ ಮ್ಯಾಲ, ಇಲ್ಲಾ ಗರ್ಭಪಾತ ಆದ ಮ್ಯಾಲ ಜ್ವರಾ ಬಿಡದ ಇದ್ದವರಲ್ಲಿ. ಮತ್ತ ಕೆಳಹೊಟ್ಟ್ಯಾಗ ದೊಡ್ಡ ಗಡ್ಡಿ ಇದ್ರ ಕಾಲಿನ ರಕ್ತನಾಳದಾಗ ರಕ್ತ ಹೆಪ್ಪುಗಟ್ಟಿ ಅದರಿಂದನೂ ಸಣ್ಣ ಜ್ವರಾ ಬರ್ತೈತಿ, ಒಂದ ಕಾಲು ಬಾತು ಜ್ವರಾ ಇದ್ರ ಅದನ್ನ ಬಿಡಬಾರ್ದು.

ಈಗ ಮೊದಲನೇ ದಾರಿಗೆ ಮತ್ತ ಬರೋಣ, ಯಾಕಂದ್ರ ಅಲ್ಲಿ ನಮ್ಮ ಸೂಜಿಯ ವಿಷಯ ಐತಿ. ಗಡ್ಡಿಯಿಂದ ಬರೋ ಜ್ವರಾ ನೋವಿನ ಔಷಧಕ್ಕ ಭಾಳ ಛಲೋ ಇಳೀತೈತಿ. 1984ರಾಗ ಚಾಂಗ್ ಮತ್ತ ಗ್ರಾಸ್ ಅನ್ನೋ ಡಾಕ್ಟರ್ರು ಇದನ್ನ ಒಂದು ಪರೀಕ್ಷೆ ಆಗಿ ಬಳಸಬೌದು ಅಂತ ಬರದ್ರು, ನೆಪ್ರೋಕ್ಸೆನ್ ಅನ್ನೋ ನೋವಿನ ಗುಳಿಗಿ ಕೊಟ್ರ ಕ್ಯಾನ್ಸರ್ ಜ್ವರಾ ಒಂದು ದಿನದಾಗ ಮಾಯ ಆಗ್ತೈತಿ, ಸೋಂಕಿನ ಜ್ವರಾ ಹಂಗ ಪೂರ್ತಿ ಹೋಗೂದಿಲ್ಲ ಅಂತ. ಮುಂದ ನೋಡಿದಾಗ ಅದು ಅಷ್ಟು ನಂಬೋ ಹಂಗಿಲ್ಲ ಅಂತ ಗೊತ್ತಾತು, ಈಗ ಅದನ್ನ ಒಂದ ಆಧಾರ ಮಾಡ್ಕೊಂಡು ಯಾರೂ ನಿರ್ಧಾರ ಮಾಡೂದಿಲ್ಲ, ಮಾಡಲೂಬಾರ್ದು, ಮನ್ಯಾಗ ತಾವ ತಂದು ತಗೊಂಡು ನೋಡೋದಂತೂ ಬ್ಯಾಡ್ರಿ, ಡೆಂಗಿ ಇದ್ರ ಈ ಗುಳಿಗಿಯಿಂದ ರಕ್ತಸ್ರಾವ ಆಗಬೌದು. ಆದ್ರ ಇದರಾಗಿಂದ ತಿಳಕೋಬೇಕಾದ ಮಾತು ಬ್ಯಾರೆ ಐತಿ. ನಮ್ಮ ಹಳ್ಳಿ ಕ್ಲಿನಿಕ್‌ನಾಗ ಜ್ವರಕ್ಕ ಮಾಡೋ ಸೂಜಿ ಬಹಳಷ್ಟು ಸಲ ಡೈಕ್ಲೋಫೆನಾಕ್, ನೆಪ್ರೋಕ್ಸೆನ್ ಕುಲದ್ದ ಔಷಧ, ಕೆಲವೊಮ್ಮೆ ಜೊತಿಗೆ ಡೆಕ್ಸಾಮೆಥಾಸೋನ್ ಅನ್ನೋ ಸ್ಟೀರಾಯ್ಡ್. ಎರಡೂ ಗಡ್ಡಿ ಜ್ವರಾನ ಇಳಸ್ತಾವ. ಅದರ ಜೋಡಿ ಟೈಫಾಯ್ಡ್ ಆಂಟಿಬಯಾಟಿಕ್ ನಡದಿರ್ತೈತಿ, ಜ್ವರಾ ಇಳದದ್ದು ಸೂಜಿಯಿಂದ, ಹೆಸರು ಬಂದಿದ್ದು ಆಂಟಿಬಯಾಟಿಕ್‌ಗೆ, ಅಲ್ಲಿಗೆ ಟೈಫಾಯ್ಡ್ ಇತ್ತು ಅಂತ ಪಕ್ಕಾ ಆತು. ಮುಂದಿನ ಸಲ ಜ್ವರಾ ಬಂದಾಗ "ಟೈಫಾಯ್ಡ್ ಪೂರ್ತಿ ಹೋಗಿಲ್ಲ, ಮೈಯಾಗ ಉಳಕೊಂಡೈತಿ" ಅಂತ ಮನಿ ಮಂದಿನ ಹೇಳ್ತಾರ.

ಚೀಟಿ ಮ್ಯಾಲ ಟೈಫಾಯ್ಡ್ ಅಂತ ಬರಸೋ ವಿಡಾಲ್ ಟೆಸ್ಟ್ ಬಗ್ಗೆನೂ ಹೇಳಲೇಬೇಕು. ಅದು 1896ರಾಗ ಬಂದ ಪರೀಕ್ಷೆ. ಟೈಫಾಯ್ಡ್ ಕ್ರಿಮಿ ವಿರುದ್ಧ ಮೈಯಾಗ ಹುಟ್ಟೋ ಆಂಟಿಬಾಡಿ ನೋಡ್ತೈತಿ, ಕ್ರಿಮಿನ ನೋಡೂದಿಲ್ಲ. ಹಿಂದ ಎಂದೋ ಟೈಫಾಯ್ಡ್ ಬಂದು ಹೋಗಿದ್ರ, ಲಸಿಕೆ ಆಗಿದ್ರ, ಬ್ಯಾರೆ ಜ್ವರಾ ಇದ್ರೂ ಪಾಸಿಟಿವ್ ಬರ್ತೈತಿ, ನಮ್ಮಂಥಾ ಟೈಫಾಯ್ಡ್ ಇರೋ ಸೀಮ್ಯಾಗ ಒಂದ ಸಲದ ವಿಡಾಲ್ ನೋಡಿ ಟೈಫಾಯ್ಡ್ ಅನ್ನೋದು ಸರಿಯಾದ ರೀತಿ ಅಲ್ಲ. ಸರಿಯಾದ ದಾರಿ ಬ್ಲಡ್ ಕಲ್ಚರ್, ಅಂದ್ರ ರಕ್ತದಾಗಿನ ಕ್ರಿಮಿನ ಲ್ಯಾಬ್‌ನಾಗ ಬೆಳಸಿ ನೋಡೋದು, ಅದೂ ಆಂಟಿಬಯಾಟಿಕ್ ಶುರು ಮಾಡೋ ಮೊದಲ. ಒಂದ ವರ್ಷದಾಗ ಒಬ್ಬಾಕಿಗೆ ಮೂರು ಸಲ ಟೈಫಾಯ್ಡ್ ಅಂತ ಬರದಿದ್ರ, ಒಂದು ಸಲನೂ ಕಲ್ಚರ್ ಆಗಿರಲಿಲ್ಲ ಅಂದ್ರ, ಆ ಮೂರೂ ಟೈಫಾಯ್ಡ್ ಬಗ್ಗೆ ಅನುಮಾನ ಪಡೋದ ಸರಿ.

ನಮ್ಮ ಚಿಗವ್ವ ಅಣ್ಣಿಗೇರಿ ಹತ್ರ ಒಂದು ಹಳ್ಳ್ಯಾಗ ಇರ್ತಾಳ, ಮುಟ್ಟು ನಿಂತು ಎಷ್ಟೋ ವರ್ಷ ಆಗಿತ್ತು. ಅಕಿಗೂ ಹಿಂಗ ಜ್ವರಾ, ಸೂಜಿ, ಸಲಾಯಿನ್, ಜೊತಿಗೆ ಟೈಫಾಯ್ಡ್ ಹೆಸರು, ಹೊಟ್ಟಿ ಬ್ಯಾನಿ ಅಂದ್ರ ಗ್ಯಾಸ್ ಗುಳಿಗಿ. ದೊಡ್ಡ ದವಾಖಾನ್ಯಾಗ ಒಬ್ಬ ಲೇಡಿ ಡಾಕ್ಟರ್ ಮನಿ ಮಂದಿನೆಲ್ಲಾ ಹೊರಗ ಕಳಿಸಿ, "ಯವ್ವಾ, ಮುಟ್ಟು ನಿಂತ ಮ್ಯಾಲ ಸೀರಿಗೆ ಎಂದಾದ್ರೂ ಕಲಿ ಆಗೈತೇನ್ರಿ, ವಾಸನಿ ನೀರು ಹೋಗ್ತಾವೇನ್ರಿ?" ಅಂತ ಕೇಳಿದ್ರಂತ. ಚಿಗವ್ವ "ಆಗ್ತಿತ್ರಿ ಬಾಯಾರ, ಆದ್ರ ಗಂಡಸರ ಮುಂದ ಹೆಂಗ ಹೇಳಲ್ರಿ" ಅಂದಳಂತ. ಆ ಒಂದು ಪ್ರಶ್ನೆ ಅಷ್ಟ. ಒಳಗ ಪರೀಕ್ಷೆ ಮಾಡಿದ್ರ ಗರ್ಭಚೀಲದ ಬಾಯಿ ಮ್ಯಾಲ ಗಡ್ಡಿ, ಒಳಗ ಕೀವು. ಕೀವು ತಗದ ಮ್ಯಾಲ ಜ್ವರಾ ಬಿಡ್ತು, ಬಯಾಪ್ಸಿ ಆತು, ಕರೆಂಟ್ (ರೇಡಿಯೇಶನ್) ಕೊಟ್ರು, ಕೀಮೋ ಆತು, ಈಗ ಫಾಲೋಅಪ್‌ನಾಗ ಅದಾಳ. ಅಲ್ಲಿವರೆಗೂ ಅಕಿನ ನೋಡಿದವರು ಎಲ್ಲಾರೂ ನಾಲಿಗಿ ನೋಡಿದ್ರು, ಎದಿ ಮ್ಯಾಲ ಸ್ಟೆತಸ್ಕೋಪ್ ಇಟ್ರು, ಕೆಳಗಿಂದು ಏನೂ ಕೇಳಿರಲಿಲ್ಲ, ಮತ್ತ ಕೇಳಿದ್ರೂ ಉತ್ತರ ಕೊಡ್ತಿದ್ದಿದ್ದು ಪಕ್ಕದಾಗ ನಿಂತ ಮಗಾ ಇಲ್ಲಾ ಅಳಿಯ.

ಇದು ಬರೇ ಒಬ್ಬರ ಮನಿ ಕಥಿ ಅಲ್ಲ ಅಂತ ನನಗ ಖಾತ್ರಿ ಐತಿ. ಹೆಣ್ಣಮಗಳ ಜೊತಿ ದವಾಖಾನಿಗೆ ಹೋದವರು, ಅತ್ತಿ ಇರಲಿ ಗಂಡ ಇರಲಿ, ಅಕಿ ಪರವಾಗಿ ತಾವ ಮಾತಾಡಿ ಬಿಡ್ತಾರ. ಬಿಳಿ ಸೆರಗು, ಕೂಡಿದ ಮ್ಯಾಲ ರಕ್ತ ಕಾಣಸೋದು, ಮುಟ್ಟು ನಿಂತ ಮ್ಯಾಲ ರಕ್ತ ಕಾಣಸೋದು, ಕೆಳಹೊಟ್ಟ್ಯಾಗ ಭಾರ, ಸ್ವಲ್ಪ ಉಂಡ್ರ ಹೊಟ್ಟಿ ತುಂಬಿದಂಗ ಆಗೋದು, ಹೊಟ್ಟಿ ಉಬ್ಬರ, ಮ್ಯಾಲಿಂದ ಮ್ಯಾಲ ಮೂತ್ರಕ್ಕ ಹೋಗೋದು, ಇವೆಲ್ಲಾ ಹೇಳಾಕ ನಾಚಿಕಿ ಇಲ್ಲಾ ಹೇಳೋ ಅಂಥಾದ್ದಲ್ಲ ಅನ್ನೋ ಭಾವನಾ. ಅಂಡಾಶಯದ ಕ್ಯಾನ್ಸರ್ ಲಕ್ಷಣದ ಮ್ಯಾಲ 2007ರಾಗ ಅಮೆರಿಕಾದಾಗ ಮಾಡಿದ ಅಧ್ಯಯನ ಹೇಳೋದೂ ಇದನ್ನ, ಉಬ್ಬರ, ಹೊಟ್ಟಿ ಬ್ಯಾನಿ, ಬ್ಯಾಗ ಹೊಟ್ಟಿ ತುಂಬೋದು ಇವು ಒಂದು ವರ್ಷದ ಒಳಗ ಹೊಸದಾಗಿ ಶುರುವಾಗಿ ತಿಂಗಳಿಗೆ 12 ದಿನಕ್ಕಿಂತ ಹೆಚ್ಚು ಇದ್ರ ಅದನ್ನ ಗ್ಯಾಸ್ ಅಂತ ಬಿಡಬಾರ್ದು. ಇದರ ಜೋಡಿ ತಿರುಗಿ ತಿರುಗಿ ಜ್ವರಾ ಇದ್ರ ಇನ್ನೂ ಬಿಡಬಾರ್ದು.

ರಕ್ತದ ರಿಪೋರ್ಟ್‌ನಾಗೂ ಸುಳಿವು ಇರ್ತೈತಿ, ನಾವು ನೋಡೂದಿಲ್ಲ ಅಷ್ಟ. ಡೆಂಗಿ ಬಂದಾಗಿಂದ ನಮ್ಮ ಊರಾಗ ಪ್ಲೇಟ್‌ಲೆಟ್ ಅಂದ್ರ ಎಲ್ಲಾರಿಗೂ ಗೊತ್ತು, ಲಕ್ಷಕ್ಕಿಂತ ಕೆಳಗ ಬಂತೇನು ಅಂತ ಮೊದಲ ನೋಡ್ತಾರ, ಹೆಚ್ಚಿದ್ರ ಸಮಾಧಾನ ಪಟ್ಟು ಮಡಚಿ ಇಡ್ತಾರ. ಆದ್ರ ನಾಲ್ಕೂವರಿ ಲಕ್ಷ ದಾಟಿದ ಪ್ಲೇಟ್‌ಲೆಟ್ಟೂ ಏನೋ ಹೇಳ್ತಿರ್ತೈತಿ. 2012ರಾಗ ಪ್ರಕಟ ಆದ ಒಂದು ಅಧ್ಯಯನದಾಗ ಅಂಡಾಶಯದ ಕ್ಯಾನ್ಸರ್ ಇದ್ದ 619 ಹೆಣ್ಣಮಕ್ಕಳ ಪೈಕಿ ನೂರಕ್ಕ 31 ಮಂದಿಗೆ ರೋಗ ಪತ್ತೆ ಆದಾಗ ಪ್ಲೇಟ್‌ಲೆಟ್ ಹೆಚ್ಚಿತ್ತು, ಕಾರಣ ಜ್ವರಾ ತರೋ ಅದ ಇಂಟರ್‌ಲ್ಯೂಕಿನ್-6, ಅದು ಲಿವರ್‌ಗೆ ಹೋಗಿ ಪ್ಲೇಟ್‌ಲೆಟ್ ಹೆಚ್ಚು ಮಾಡೋ ಹಾರ್ಮೋನ್ ಬಿಡಸ್ತೈತಿ. ಅದ ರಾಸಾಯನಿಕ ಮೈಯಾಗಿನ ಕಬ್ಬಿಣ ಬಳಕಿ ಆಗದಂಗ ಕಟ್ಟಿ ಹಾಕ್ತೈತಿ, ಹಿಂಗಾಗಿ ಹಿಮೋಗ್ಲೋಬಿನ್ ಬೀಳ್ತೈತಿ, ಕೆಂಪು ಗುಳಿಗಿ ತಿಂಗಳುಗಟ್ಟಲೆ ನುಂಗಿದ್ರೂ ಏರೂದಿಲ್ಲ. ಮೈಯಾಗ ಉರಿಯೂತ ಐತಿ ಅಂತ ತೋರಸೋ ಇಎಸ್‌ಆರ್, ಸಿಆರ್‌ಪಿ ಏರಿರ್ತಾವ, ತೂಕ ಇಳೀತಿರ್ತೈತಿ. ಜ್ವರಾ, ರಕ್ತ ಕಡಿಮಿ, ಪ್ಲೇಟ್‌ಲೆಟ್ ಹೆಚ್ಚು, ತೂಕ ಇಳಿಯೋದು, ನಾಲ್ಕಕ್ಕೂ ನಾಲ್ಕು ಡಾಕ್ಟರ್ ಕಡೆ ನಾಲ್ಕು ಔಷಧ ತಗೊಳ್ತಾರ, ನಾಲ್ಕರ ಮೂಲ ಒಂದ ಇರಬೌದು.

ಇರಬೌದು ಅಂದೆ. ಯಾಕಂದ್ರ ಇವೆಲ್ಲಾ ಟಿಬಿಯಾಗೂ ಹಿಂಗ ಇರ್ತಾವ, ಇಲ್ಲಿ ಭಾಳ ಜ್ವಾಕಿ ಬೇಕು. ಹೊಟ್ಟಿ ಟಿಬಿ ಮತ್ತ ಅಂಡಾಶಯದ ಕ್ಯಾನ್ಸರ್ ಎರಡರಾಗೂ ಹೊಟ್ಟ್ಯಾಗ ನೀರು ತುಂಬ್ತೈತಿ, ತೂಕ ಇಳೀತೈತಿ, ಸ್ಕ್ಯಾನ್‌ನಾಗ ಗಡ್ಡಿ ಕಂಡಂಗ ಕಾಣಸ್ತೈತಿ, ಸಿಎ-125 ಅನ್ನೋ ರಕ್ತ ಪರೀಕ್ಷೆ ಎರಡರಾಗೂ ಏರ್ತೈತಿ. ಸಿಎ-125 ಸಾಮಾನ್ಯವಾಗಿ 35ರ ಒಳಗ ಇರಬೇಕು, ಟಿಬಿಯಾಗ ಅದು ನೂರಾರಕ್ಕ ಹೋಗ್ತೈತಿ, ಬರೇ ಮುಟ್ಟಿನ ದಿನದಾಗ, ಬಸರಿನ್ಯಾಗ, ಎಂಡೋಮೆಟ್ರಿಯೋಸಿಸ್‌ನಾಗ, ಫೈಬ್ರಾಯ್ಡ್‌ನಾಗೂ ಏರ್ತೈತಿ. ಆ ಒಂದು ನಂಬರ್ ನೋಡಿ ಕ್ಯಾನ್ಸರ್ ಅಂತ ಹೇಳಿ ಒಂದು ಮನಿನ ಅಳಸಬಾರ್ದು, ಅದ ನಂಬರ್ ನಾರ್ಮಲ್ ಇದ್ರ ಕ್ಯಾನ್ಸರ್ ಇಲ್ಲ ಅಂತ ಕಳಸಲೂಬಾರ್ದು. ಹೊಟ್ಟಿ ನೀರಿನ ಪರೀಕ್ಷೆ, ಅದರಾಗ ಟಿಬಿ ಹುಡುಕೋ ಎಡಿಎ, ಸಿಬಿನ್ಯಾಟ್, ಕ್ಯಾನ್ಸರ್ ಕಣ ಹುಡುಕೋದು, ಅದರಿಂದನೂ ತಿಳೀಲಿಲ್ಲ ಅಂದ್ರ ದುರ್ಬೀನ್ ಹಾಕಿ ತುಣುಕು ತಗದು ಬಯಾಪ್ಸಿ, ಇಷ್ಟು ಆಗಬೇಕು. ಟಿಬಿ ಇದ್ದಾಕಿಗೆ ಆರು ತಿಂಗಳ ಗುಳಿಗಿಯಿಂದ ವಾಸಿ ಆಗ್ತೈತಿ, ಅಕಿಗೆ ಗರ್ಭಚೀಲ ಅಂಡಾಶಯ ಎಲ್ಲಾ ತಗದ್ರ ಅದಕ್ಕಿಂತ ದೊಡ್ಡ ಅನ್ಯಾಯ ಇಲ್ಲ, ಕ್ಯಾನ್ಸರ್ ಇದ್ದಾಕಿಗೆ ಆರು ತಿಂಗಳು ಟಿಬಿ ಗುಳಿಗಿ ನುಂಗಿಸಿದ್ರ ಅದೂ ಅಷ್ಟ ಅನ್ಯಾಯ.

ಗರ್ಭಚೀಲ ತಗಸೋ ಮಾತು ಬಂತು, ಇದನ್ನ ನಮ್ಮ ಭಾಗದಾಗ ಹಗರಾಗಿ ಬರ್ಯಾಕ ಆಗೂದಿಲ್ಲ. ಹಾವೇರಿ ಜಿಲ್ಲಾದ ರಾಣೆಬೆನ್ನೂರು ತಾಲೂಕಿನ ಹೆಣ್ಣಮಕ್ಕಳು, ಅದರಾಗೂ ಬಡವರು, ಲಂಬಾಣಿ ತಾಂಡಾದವರು, ಬೇಡದಿದ್ರೂ ಗರ್ಭಚೀಲ ತಗದಾರ ಅಂತ ವರ್ಷಗಟ್ಟಲೆ ಹೋರಾಟ ಮಾಡ್ಯಾರ, ಪರಿಹಾರ ಕೇಳಿ ರಸ್ತಾಕ್ಕ ಇಳದಾರ. ದೇಶದ ಲೆಕ್ಕಾ ನೋಡಿದ್ರ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ 15ರಿಂದ 49 ವಯಸ್ಸಿನ ಹೆಣ್ಣಮಕ್ಕಳಾಗ ನೂರಕ್ಕ 3.3 ಮಂದಿಗೆ ಗರ್ಭಚೀಲ ತಗದೈತಿ, 2023ರಾಗ ಸುಪ್ರೀಂ ಕೋರ್ಟ್ ಬೇಡದ ಆಪರೇಷನ್ ತಡಿಯೋ ಮಾರ್ಗಸೂಚಿ ಜಾರಿ ಮಾಡ್ರಿ ಅಂತ ರಾಜ್ಯಗಳಿಗೆ ಹೇಳ್ತು. ಅದಕ್ಕ ನಾ ಕೈ ಮುಗದು ಹೇಳೋದು, ತಿರುಗಿ ಬರೋ ಜ್ವರಕ್ಕ ಸ್ಕ್ಯಾನ್ ಮಾಡಿದಾಗ ಒಂದು ಸಣ್ಣ ಫೈಬ್ರಾಯ್ಡ್ ಇಲ್ಲಾ ನೀರಿನ ಗುಳ್ಳಿ ಕಂಡ್ರ "ಇದ ನೋಡ್ರಿ ಕಾರಣ, ಚೀಲ ತಗಸಿ ಬಿಡ್ರಿ, ಮುಂದ ಕ್ಯಾನ್ಸರ್ ಆಗ್ತೈತಿ" ಅಂತ ಯಾರರ ಅಂದ್ರ ತಕ್ಷಣ ಹೂಂ ಅನಬ್ಯಾಡ್ರಿ. ಫೈಬ್ರಾಯ್ಡ್ ಎಷ್ಟೋ ಹೆಣ್ಣಮಕ್ಕಳಿಗೆ ಇರ್ತಾವ, ಏನೂ ತೊಂದ್ರಿ ಕೊಡದ ಇರ್ತಾವ, ಅದು ಇರೋದು ಬ್ಯಾರೆ, ಅದರಿಂದನ ಜ್ವರಾ ಬಂದೈತಿ ಅನ್ನೋದು ಬ್ಯಾರೆ. ಗಡ್ಡಿಯಿಂದನ ಜ್ವರಾ ಅಂತ ಹೇಳಬೇಕಾದ್ರ ಮೊದಲ ಸೋಂಕು ಇಲ್ಲ ಅಂತ ಕಲ್ಚರ್, ಟಿಬಿ ತಪಾಸಣಿ, ಮಲೇರಿಯಾ ತಪಾಸಣಿ ಎಲ್ಲಾ ಆಗಿರಬೇಕು, ಮತ್ತ ಆ ಗಡ್ಡಿ ಯಾವ ಜಾತಿದು ಅಂತ ಗೊತ್ತಾಗಿರಬೇಕು. ಆಪರೇಷನ್ ಬೇಕ ಅಂದ್ರ ಇನ್ನೊಬ್ಬ ತಜ್ಞರ ಅಭಿಪ್ರಾಯ ತಗೋರಿ, ಇದರಿಂದ ಡಾಕ್ಟರ್‌ಗೆ ಅವಮಾನ ಏನೂ ಆಗೂದಿಲ್ಲ.

ಅಂಡಾಶಯದ ಗಡ್ಡಿಗೆ ಹೊರಗಿಂದ ಸೂಜಿ ಚುಚ್ಚಿ ನೀರು ಎಳಸೋ ವಿಷಯನೂ ಹಂಗ. ಕ್ಯಾನ್ಸರ್ ಇರಬೌದು ಅನ್ನೋ ಅನುಮಾನ ಇದ್ದು ಇನ್ನೂ ಅಂಡಾಶಯದ ಒಳಗ ಐತಿ ಅಂದ್ರ, ಚುಚ್ಚಿದಾಗ ಕಣ ಹೊಟ್ಟ್ಯಾಗ ಚೆಲ್ಲಿ ರೋಗ ಮುಂದಕ್ಕ ಹೋಗಬೌದು. ಇದನ್ನ ಕ್ಯಾನ್ಸರ್ ಆಪರೇಷನ್ ಮಾಡೋ ತಜ್ಞರನ್ನ ಕೇಳಿನ ಮಾಡಸಬೇಕು.

ಹಂಗಾದ್ರ ಏನು ಮಾಡಬೇಕು ಅಂತ ಕೇಳಿದ್ರ, ಮೊದಲನೇ ಕೆಲಸಕ್ಕ ರೊಕ್ಕ ಬೇಕಾಗೂದಿಲ್ಲ. ಒಂದು ಥರ್ಮಾಮೀಟರ್, ಒಂದು ನೋಟ್‌ಬುಕ್. ಮೈ ಮುಟ್ಟಿ ನೋಡಿ ಜ್ವರಾ ಅನ್ನೋದು ಬ್ಯಾಡ, ಎಷ್ಟು ಡಿಗ್ರಿ, ಯಾವ ಹೊತ್ತಿಗೆ, ಚಳಿ ಬಂತೋ, ರಾತ್ರಿ ಬೆವರು ಬಂತೋ, ಯಾವ ಗುಳಿಗಿ ತಗೊಂಡ ಮ್ಯಾಲ ಎಷ್ಟೊತ್ತಿಗೆ ಇಳೀತು, ಮುಟ್ಟಿನ ಯಾವ ದಿನ ಇತ್ತು, ಇಷ್ಟು ಬರೀರಿ. ಸೂಜಿ ಮಾಡಿಸಿದ್ರ ಯಾವ ಸೂಜಿ ಅಂತ ಕೇಳಿ ಬರಸ್ಕೋರಿ, ಕೇಳೋ ಹಕ್ಕು ನಮಗೈತಿ. ಎಲ್ಲಾ ಚೀಟಿ, ಎಲ್ಲಾ ರಿಪೋರ್ಟ್ ಒಂದ ಫೈಲ್‌ನಾಗ ತಾರೀಖಿನ ಪ್ರಕಾರ ಇಡ್ರಿ. ಮೂರು ವಾರ ದಾಟಿದ್ರೂ ಜ್ವರಾ ಬಂದು ಹೋಗಿ ಮಾಡ್ತಿದ್ರ ಮತ್ತೊಂದು ಸೂಜಿ ಬ್ಯಾಡ, ಆ ಫೈಲ್ ತಗೊಂಡು ಮೆಡಿಸಿನ್ ವಿಭಾಗ ಇರೋ ದೊಡ್ಡ ದವಾಖಾನಿಗೆ ಹೋಗ್ರಿ, ಹುಬ್ಬಳ್ಳಿ ಕಿಮ್ಸ್ (ಈಗ ಕೆಎಂಸಿಆರ್‌ಐ) ಐತಿ, ಸತ್ತೂರಿನ ಎಸ್‌ಡಿಎಂ ಐತಿ, ಗದಗಿನ್ಯಾಗ ಜಿಮ್ಸ್, ಹಾವೇರ್ಯಾಗ ಹಿಮ್ಸ್ ಆಗ್ಯಾವ, ನಮ್ಮ ಭಾಗದಾಗ ಇಪ್ಪತ್ತು ವರ್ಷದ ಹಿಂದ ಇಷ್ಟು ಅನುಕೂಲ ಇರಲಿಲ್ಲ. ಅಲ್ಲಿ ಹೆಣ್ಣಮಗಳಿಗೆ ಡಾಕ್ಟರ್ ಜೊತಿ ಒಬ್ಬಾಕಿನ ಮಾತಾಡಾಕ ಬಿಡ್ರಿ. ಒಳಗಿನ ಪರೀಕ್ಷೆ ಮಾಡ್ತೀವಿ ಅಂದ್ರ ಬ್ಯಾಡ ಅನಬ್ಯಾಡ್ರಿ, ಲೇಡಿ ಡಾಕ್ಟರ್ ಬೇಕು ಅಂತ ಕೇಳ್ರಿ, ಗರ್ಭಚೀಲದ ಬಾಯಿನ ಕಣ್ಣಿಂದ ನೋಡಲಾರದ ಬರೇ ಹೊಟ್ಟಿ ಮ್ಯಾಲಿನ ಸ್ಕ್ಯಾನ್‌ನಾಗ ಅಲ್ಲಿನ ಸಣ್ಣ ಕ್ಯಾನ್ಸರ್ ಕಾಣೂದಿಲ್ಲ. ಕ್ಯಾನ್ಸರ್ ಅಂತ ಖಾತ್ರಿ ಆದ್ರ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರಿ ನಮ್ಮ ಹತ್ರ ಐತಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಾಗ ಬಿಪಿಎಲ್ ಕಾರ್ಡ್ ಇದ್ದವರಿಗೆ ಒಂದು ಮನಿಗೆ ವರ್ಷಕ್ಕ 5 ಲಕ್ಷ ರೂಪಾಯಿವರೆಗೆ ಐತಿ, ಕಾರ್ಡು, ಆಧಾರ್, ರೆಫರಲ್ ಚೀಟಿ ಮೊದಲ ಹೊಂದಸ್ಕೊಂಡು ಹೋದ್ರ ಅಲೆದಾಟ ಕಡಿಮಿ ಆಗ್ತೈತಿ.

ವಯಸ್ಸಿನ ಹುಡಿಗ್ಯಾರ ವಿಷಯದಾಗ ಒಂದು ಅಪರೂಪದ್ದು ಹೇಳಬೇಕು. ಮೊದಲ ನಾಕು ದಿನ ಜ್ವರಾ ತಲಿನೋವು, ಆಮ್ಯಾಲ ಏಕಾಏಕಿ ಹುಡುಗಿ ಏನೇನೋ ಮಾತಾಡ್ತಾಳ, ನಿದ್ದಿ ಇಲ್ಲ, ಬಾಯಿ ಮುಖ ವಾರಿ ಮಾಡ್ತಾಳ, ಫಿಟ್ಸ್ ಬರ್ತೈತಿ. ಗಾಳಿ ಆಗೈತಿ ಅಂತ ಕಟ್ಟಿಸ್ಕೊಂಡು ಬರಾಕ ಹೋಗ್ತಾರ. ಅಂಡಾಶಯದಾಗ ಟೆರಟೋಮಾ ಅನ್ನೋ ಗಡ್ಡಿ ಇದ್ರ ಅದರ ವಿರುದ್ಧ ಹುಟ್ಟಿದ ಆಂಟಿಬಾಡಿ ಮೆದುಳಿಗೂ ಹೊಡೀತೈತಿ, ಡಾಲ್ಮೌ ಅನ್ನೋ ವೈದ್ಯರು 2007ರಾಗ ಇದನ್ನ ವಿವರಿಸಿದ್ರು. ಗಡ್ಡಿ ತಗದು ಔಷಧ ಕೊಟ್ರ ಬಹಳಷ್ಟು ಮಂದಿ ಚೇತರಸ್ಕೊಳ್ತಾರ. ಧಾರವಾಡದ ಮಾನಸಿಕ ಆರೋಗ್ಯದ ದವಾಖಾನಿ ಡಿಮ್ಹಾನ್ಸ್‌ಗೆ ಕರಕೊಂಡು ಹೋದ್ರೂ ಸೈ, ಜ್ವರಾ ಮೊದಲ ಬಂದಿತ್ತು ಅಂತ ಹೇಳೋದು ಮರೀಬ್ಯಾಡ್ರಿ.

ಸರ್ಕಾರದ ಕಡಿಂದ ಆಗಬೇಕಾದ್ದು ಐತಿ, ಅದನ್ನ ಬಿಟ್ರ ಎಲ್ಲಾ ಭಾರ ಹೆಣ್ಣಮಕ್ಕಳ ಮ್ಯಾಲ ಹಾಕಿದಂಗ ಆಗ್ತೈತಿ. ಭಾರತದಾಗ 2022ರ ಒಂದ ವರ್ಷದ ಅಂದಾಜಿನ ಪ್ರಕಾರ ಗರ್ಭಚೀಲದ ಬಾಯಿ ಕ್ಯಾನ್ಸರ್ ಸುಮಾರು 1,27,000 ಹೆಣ್ಣಮಕ್ಕಳಿಗೆ ಹೊಸದಾಗಿ ಬಂತು, ಸುಮಾರು 80,000 ಮಂದಿ ಅದರಿಂದ ಸತ್ರು. ಈ ಕ್ಯಾನ್ಸರ್ ಬರೋ ಮೊದಲ ವರ್ಷಗಟ್ಟಲೆ ಅಲ್ಲಿನ ಕಣಗಳು ಬದಲಾಗ್ತಿರ್ತಾವ, ತಪಾಸಣಿ ಮಾಡಿ ನೋಡಿದ್ರ ಸಿಗ್ತೈತಿ, ಆದ್ರೂ 2019-21ರ ಸಮೀಕ್ಷೆಯಾಗ 30ರಿಂದ 49 ವಯಸ್ಸಿನವರಾಗ ಒಂದು ಸಲನಾದ್ರೂ ಈ ತಪಾಸಣಿ ಮಾಡಿಸ್ಕೊಂಡವರು ನೂರಕ್ಕ 1.9 ಅಷ್ಟ. ನಮ್ಮ ರಾಜ್ಯದಾಗ ಮನಿ ಬಾಗಿಲಿಗೆ ಬಂದು ತಪಾಸಣಿ ಮಾಡೋ ಗೃಹ ಆರೋಗ್ಯ ಯೋಜನಾ 2024ರಾಗ ಶುರುವಾಗೈತಿ, ಬಿಪಿ ಶುಗರ್ ಜೊತಿ ಕ್ಯಾನ್ಸರ್ ತಪಾಸಣಿನೂ ಅದರಾಗ ಐತಿ. ಬಿಪಿ ನೋಡಾಕ ಎರಡು ನಿಮಿಷ ಸಾಕು, ಆದ್ರ ಗರ್ಭಚೀಲದ ಬಾಯಿ ತಪಾಸಣಿಗೆ ಪರದಾ ಇರೋ ಕೋಣಿ ಬೇಕು, ಕಲತ ನರ್ಸ್ ಬೇಕು, ಮಂದಿ ಇಲ್ಲದ ಹೊತ್ತು ಬೇಕು. ಆಶಾ ಕಾರ್ಯಕರ್ತೆಯರಿಗೆ ಹೆಣ್ಣಮಕ್ಕಳು ಬಾಯಿ ಬಿಟ್ಟು ಹೇಳ್ತಾರ, ಅವರ ಫಾರ್ಮ್‌ನಾಗ "ಮೂರು ವಾರದಿಂದ ಜ್ವರಾ ಬಂದು ಹೋಗಿ ಮಾಡ್ತೈತೇನು, ಮುಟ್ಟು ನಿಂತ ಮ್ಯಾಲ ರಕ್ತ ಕಂಡೈತೇನು" ಅಂತ ಎರಡು ಸಾಲು ಸೇರಿಸಿದ್ರ ಅದಕ್ಕ ಹೊಸಾ ಮಷೀನ್ ಬೇಕಾಗೂದಿಲ್ಲ. ತಾಲೂಕು ದವಾಖಾನ್ಯಾಗ ಬ್ಲಡ್ ಕಲ್ಚರ್ ಮಾಡೋ ಸೌಲಭ್ಯ ಬಂದ್ರ ವಿಡಾಲ್ ಚೀಟಿ ಹಿಂದ ಓಡೋದು ತಾನ ಕಡಿಮಿ ಆಗ್ತೈತಿ.

ಇನ್ನ ಕಡೀ ಮಾತು ಕೀಮೋ ನಡದವರಿಗೆ. ಗಡ್ಡಿ ಪತ್ತೆ ಆಗಿ ಕೀಮೋ ಶುರು ಆದ ಮ್ಯಾಲ ಬರೋ ಜ್ವರಾ ಬ್ಯಾರೆನ, ಅದನ್ನ ಹಳೇ ಗಡ್ಡಿ ಜ್ವರಾ ಅಂತ ಮನ್ಯಾಗ ಕುಂದರಬಾರ್ದು. ಕೀಮೋದಿಂದ ಬಿಳಿ ರಕ್ತಕಣ ಬಿದ್ದು ಹೋಗಿರ್ತಾವ, ಸೋಂಕಿನ ಜೊತಿ ಬಡದಾಡೋ ನ್ಯೂಟ್ರೋಫಿಲ್ ಅನ್ನೋ ಬಿಳಿ ಕಣ 500ಕ್ಕಿಂತ ಕೆಳಗ ಇದ್ದಾಗ ಬಂದ ಜ್ವರಾ ಕೆಲವ ತಾಸಿನ್ಯಾಗ ಜೀವ ತಗೀಬೌದು, ಕೀವಿಲ್ಲ, ಕೆಮ್ಮಿಲ್ಲ, ನೋಡಾಕ ಏನೂ ಕಾಣೂದಿಲ್ಲ. ಹುಬ್ಬಳ್ಳ್ಯಾಗ ಕೀಮೋ ಮುಗಿಸಿ ಬಸ್ ಹತ್ತಿ ರೋಣಕ್ಕೋ ಹಾನಗಲ್‌ಗೋ ಹೋದ ಹೆಣ್ಣಮಗಳಿಗೆ ಎಂಟ್ಹತ್ತು ದಿನಕ್ಕ ರಾತ್ರಿ 101 ಡಿಗ್ರಿ ಬಂದ್ರ ಗುಳಿಗಿ ಕೊಟ್ಟು ಮುಂಜಾನೆವರೆಗೆ ಕಾಯೋದು ಬ್ಯಾಡ, 108ಕ್ಕ ಫೋನ್ ಹಚ್ರಿ, ಹತ್ರದ ದೊಡ್ಡ ದವಾಖಾನ್ಯಾಗ ಎಮರ್ಜೆನ್ಸಿಗೆ ಹೋಗ್ರಿ, ಬಾಗಿಲಾಗ ಕಾಲಿಟ್ಟ ಕೂಡ್ಲೆ "ಕೀಮೋ ನಡದೈತ್ರಿ, ಇಂಥಾ ತಾರೀಖಿಗೆ ಆಗೈತಿ, ಈಗ ಜ್ವರಾ ಬಂದೈತಿ" ಅಂತ ಮೊದಲ ಹೇಳ್ರಿ, ಕೀಮೋ ಚೀಟಿ ಕೈಯಾಗ ಇರಲಿ.